ಕಿರಿಯ ವೈದ್ಯರೂ ಪಾಳಿಯ ಕೆಲಸವೂ

ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರು ಒಂದೇ ಸಮನೆ ಎಷ್ಟು ಹೊತ್ತು ಕೆಲಸದ ಮೇಲಿರಬೇಕೆಂಬ ಪ್ರಶ್ನೆಯು ನಮ್ಮ ದೇಶದಲ್ಲಿ ಬಹುಕಾಲದಿಂದ ಬಗೆಹರಿಯದೆ ಉಳಿದಿದೆ. ೨೦೨೪ನೆಯ ಇಸವಿ ಆಗಸ್ಟ್ ೯ರಂದು ಕಲ್ಕತ್ತೆಯ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ದೀರ್ಘವಾದ ಕೆಲಸದ ನಡುವೆ ಸೆಮಿನಾರ್ ಹಾಲಿನಲ್ಲಿ ವಿಶ್ರಮಿಸುತ್ತಿದ್ದ ತರುಣ ವೈದ್ಯೆಯೊಬ್ಬರು ಅತ್ಯಾಚಾರಕ್ಕೂ ಕೊಲೆಗೂ ಗುರಿಯಾದ ಘೋರ ಸಂಗತಿಯು ಇಡೀ ದೇಶವನ್ನು ಕಲಕಿತು. ಸರ್ವೋಚ್ಚ ನ್ಯಾಯಾಲಯವು ಆ ವಿಷಯವನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಾಗ, ಕಿರಿಯ ವೈದ್ಯರನ್ನು ಮೂವತ್ತಾರು ಗಂಟೆಗಳ ಕಾಲ ದುಡಿಸುವುದು ಅಮಾನುಷವೆಂಬ ಮಾತು ನ್ಯಾಯಪೀಠದಿಂದಲೇ ಹೊರಟಿತು. ಅಂದಿನಿಂದ, ಕಾರಖಾನೆಗಳಲ್ಲಿರುವಂತೆ ಆಸ್ಪತ್ರೆಗಳಲ್ಲಿಯೂ ಪಾಳಿಯ ಕ್ರಮವನ್ನು ಏರ್ಪಡಿಸಬೇಕೆಂಬ ಕೂಗು ಬಲವಾಗಿದೆ. ಹಾಗೆ ಮಾಡಿದರೆ ವೈದ್ಯವಿದ್ಯೆಯೇ ಕೆಟ್ಟುಹೋಗುವುದೆಂದು ಹೇಳುವ ಹಿರಿಯರೂ ಕಡಮೆಯಿಲ್ಲ. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆ. ಸರಕಾರಿ ಆಸ್ಪತ್ರೆಯ ಮಂಚದ ಮೇಲೆ ಮಲಗುವ ಬಡ ರೋಗಿಯ ಪ್ರಾಣವೇ ಈ ಚರ್ಚೆಯಲ್ಲಿ ಪಣವಾಗಿರುವುದರಿಂದ, ಇದು ವೈದ್ಯರ ಮನೆಯೊಳಗಿನ ಜಗಳವೆಂದು ಸಾರ್ವಜನಿಕರು ಸುಮ್ಮನೆ ಕುಳಿತುಕೊಳ್ಳುವಂತಿಲ್ಲ.

ಆಸ್ಪತ್ರೆಯ ಒಳಕ್ರಮವನ್ನು ಅರಿಯದ ಓದುಗರಿಗಾಗಿ ಮೊದಲು ಎರಡು ಮಾತು ಹೇಳುವುದು ಅವಶ್ಯಕ. ಕಿರಿಯ ವೈದ್ಯರೆಂದರೆ ಎಂ.ಬಿ.ಬಿ.ಎಸ್. ಪರೀಕ್ಷೆಯನ್ನು ಮುಗಿಸಿ ಒಂದು ವರ್ಷ ಆಸ್ಪತ್ರೆಯಲ್ಲಿ ಪಳಗುವ ಹೌಸ್ ಸರ್ಜನ್ನರು, ಮತ್ತು ಎಂ.ಡಿ., ಎಂ.ಎಸ್. ಪದವಿಗಳಿಗಾಗಿ ಮೂರು ವರ್ಷ ಅಲ್ಲಿಯೇ ದುಡಿಯುತ್ತ ಕಲಿಯುವ ಸ್ನಾತಕೋತ್ತರ ವಿದ್ಯಾರ್ಥಿಗಳು. ದೊಡ್ಡ ಆಸ್ಪತ್ರೆಗಳಲ್ಲಿ ಒಂದೊಂದು ವಿಭಾಗವೂ ಹಲವು ಯೂನಿಟ್ಟುಗಳಾಗಿ ಹಂಚಿಹೋಗಿರುತ್ತದೆ; ವಾರದ ಒಂದೊಂದು ದಿನ ಒಂದೊಂದು ಯೂನಿಟ್ಟಿಗೆ ಅಡ್ಮಿಷನ್ ದಿನವಾಗುತ್ತದೆ. ಆ ದಿನ ಬೆಳಗ್ಗೆ ಎಂಟು ಗಂಟೆಗೆ ವಾರ್ಡಿಗೆ ಕಾಲಿಟ್ಟ ಕಿರಿಯ ವೈದ್ಯನು ಮಧ್ಯಾಹ್ನದವರೆಗೆ ಹೊರರೋಗಿಗಳನ್ನು ನೋಡಿ, ತುರ್ತು ಚಿಕಿತ್ಸೆಗೆ ಬಂದವರನ್ನು ಸೇರಿಸಿಕೊಂಡು, ಇರುಳೆಲ್ಲ ಕ್ಯಾಷುಯಾಲಿಟಿಗೂ ವಾರ್ಡಿಗೂ ಓಡಾಡಿ, ಮರುದಿನ ಪ್ರೊಫೆಸರರು ರೌಂಡ್ಸಿಗೆ ಬರುವ ವೇಳೆಗೆ ಹೊಸ ರೋಗಿಗಳೆಲ್ಲರ ಕೇಸ್ ಶೀಟುಗಳನ್ನು ಸಿದ್ಧಪಡಿಸಿಕೊಂಡು ನಿಂತಿರಬೇಕು. ರೌಂಡ್ಸು ಮುಗಿದ ಮಾತ್ರಕ್ಕೆ ಅವನಿಗೆ ಬಿಡುಗಡೆಯಿಲ್ಲ. ಆ ದಿನದ ವಾರ್ಡಿನ ಕೆಲಸವೂ ಅವನದೇ. ರಾತ್ರಿ ಎಂಟು ಗಂಟೆಗೆ ಹಾಸ್ಟೆಲಿಗೆ ಹಿಂದಿರುಗುವಾಗ ಅವನು ಕೆಲಸಕ್ಕೆ ನಿಂತು ಮೂವತ್ತಾರು ಗಂಟೆಗಳು ಕಳೆದಿರುತ್ತವೆ. ಇದು ಎಲ್ಲಿಯೋ ಒಮ್ಮೆ ನಡೆಯುವ ಅಪವಾದವಲ್ಲ. ವಾರವಾರವೂ ತಪ್ಪದೆ ಬರುವ ಕ್ರಮ.

ಈ ಪದ್ಧತಿಯ ಹುಟ್ಟನ್ನು ನೋಡಿದರೆ ಅದರ ಗುಣದೋಷಗಳೆರಡೂ ತಿಳಿಯುತ್ತವೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ೧೮೮೯ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಮತ್ತು ವಿಲಿಯಂ ಹಾಲ್‌ಸ್ಟೆಡ್ ಎಂಬ ಇಬ್ಬರು ಮಹಾವೈದ್ಯರು ತರುಣ ವೈದ್ಯರನ್ನು ಆಸ್ಪತ್ರೆಯಲ್ಲಿಯೇ ವಾಸವಾಗಿಟ್ಟುಕೊಂಡು ಕಲಿಸುವ ಕ್ರಮವನ್ನು ಬೆಳೆಸಿದರು. ರೆಸಿಡೆಂಟ್, ಅಂದರೆ ನಿವಾಸಿ, ಎಂಬ ಹೆಸರು ಬಂದುದೇ ಹಾಗೆ. ಗುರುಕುಲವಾಸದ ಸಂಪ್ರದಾಯವುಳ್ಳ ನಮಗೆ ಈ ಕ್ರಮವು ಹೊಸದಾಗಿ ತೋರಲಿಲ್ಲ. ಆದರೆ ಅಂದಿನ ಆಸ್ಪತ್ರೆ ಬೇರೆ, ಇಂದಿನದು ಬೇರೆ. ಅಂದು ರೋಗಿಯು ವಾರಗಟ್ಟಲೆ ಮಲಗಿರುತ್ತಿದ್ದನು. ಕೊಡತಕ್ಕ ಪರಿಣಾಮಕಾರಿಯಾದ ಔಷಧಗಳು ಕೆಲವೇ ಇದ್ದುವು. ಇಂದು ರೋಗಿಯು ಕೆಲವೇ ದಿನಗಳಲ್ಲಿ ಮನೆಗೆ ಹೋಗುತ್ತಾನೆ, ಅವನ ಮಂಚಕ್ಕೆ ಕೂಡಲೇ ಮತ್ತೊಬ್ಬನು ಬರುತ್ತಾನೆ. ಕೃತಕ ಉಸಿರಾಟದ ಯಂತ್ರ, ಹನಿಹನಿಯಾಗಿ ಅಳೆದು ಕೊಡಬೇಕಾದ ಔಷಧ, ಗಳಿಗೆಗೊಂದು ರಕ್ತಪರೀಕ್ಷೆ, ಇವೆಲ್ಲವೂ ಇರುಳಿಡೀ ಎಚ್ಚರವನ್ನು ಬೇಡುತ್ತವೆ. ಹಳೆಯ ಕಾಲದ ಗಂಟೆಗಳನ್ನು ಹಾಗೆಯೇ ಉಳಿಸಿಕೊಂಡು ಹೊಸ ಕಾಲದ ಕೆಲಸವನ್ನು ಅವುಗಳಲ್ಲಿ ತುರುಕಿದ್ದೇವೆ. ಶಿಷ್ಯರಿಂದ ದಣಿವಿಲ್ಲದ ದುಡಿಮೆಯನ್ನು ನಿರೀಕ್ಷಿಸಿದ ಹಾಲ್‌ಸ್ಟೆಡ್ಡರು ಸ್ವತಃ ಕೊಕೇನಿನ ಚಟಕ್ಕೆ ಸಿಕ್ಕಿದ್ದರೆಂಬ ಸಂಗತಿಯನ್ನೂ, ಅವರ ಕಾಲದ ಶಿಸ್ತನ್ನು ಹೊಗಳುವವರು ನೆನಪಿನಲ್ಲಿಡುವುದು ಒಳ್ಳೆಯದು.

ಆದರೂ ಹಿರಿಯ ವೈದ್ಯರ ವಾದವನ್ನು ನಾವು ಹಗುರವಾಗಿ ಕಾಣಲಾರೆವು. ರೋಗವು ಗಡಿಯಾರವನ್ನು ನೋಡಿ ನಡೆಯುವುದಿಲ್ಲವೆಂದು ಅವರು ಹೇಳುತ್ತಾರೆ. ಹೊಟ್ಟೆನೋವೆಂದು ಮಧ್ಯಾಹ್ನ ಬಂದವನ ನೋವು ಸಂಜೆಯ ಹೊತ್ತಿಗೆ ಹೊಕ್ಕುಳ ಬಳಿಯಿಂದ ಬಲಗಡೆಯ ಕಿಬ್ಬೊಟ್ಟೆಗೆ ಇಳಿದುದನ್ನು, ರಾತ್ರಿ ನಾಡಿಯ ಬಡಿತವೂ ಜ್ವರವೂ ಏರಿದುದನ್ನು ಒಬ್ಬನೇ ವೈದ್ಯನು ಕೈಯಿಟ್ಟು ನೋಡಿದಾಗ, ಅಪೆಂಡಿಸೈಟಿಸ್ ಎಂಬುದು ಅವನಿಗೆ ಪುಸ್ತಕದ ಮಾತಾಗಿ ಉಳಿಯದೆ ಸ್ವಾನುಭವವಾಗುತ್ತದೆ. ಹೆರಿಗೆಯ ಮನೆಯಲ್ಲಿ ನೋವು ತೊಡಗಿದಂದಿನಿಂದ ಮಗು ಕೈಗೆ ಬರುವವರೆಗೆ ನಿಂತವಳು ಕಲಿಯುವುದನ್ನು, ನಡುವೆ ಬಂದು ನಡುವೆ ಹೋಗುವವಳು ಕಲಿಯಲಾರಳು. ಶಸ್ತ್ರವೈದ್ಯನ ಕೈ ಪಳಗುವುದು ಎಷ್ಟು ಬಾರಿ ಶಸ್ತ್ರ ಹಿಡಿದನೆಂಬುದರ ಮೇಲೆ. ಗಂಟೆಗಳು ಕಡಮೆಯಾದರೆ ಆ ಎಣಿಕೆಯೂ ಕಡಮೆಯಾದೀತು. ಇದಲ್ಲದೆ ರೋಗಿಯ ದೃಷ್ಟಿಯಿಂದಲೂ ಒಂದು ಮಾತಿದೆ. ತನ್ನನ್ನು ಸೇರಿಸಿಕೊಂಡ ಡಾಕ್ಟರರ ಮುಖವನ್ನು ಮರುದಿನವೂ ಕಂಡಾಗ ಹಳ್ಳಿಯಿಂದ ಬಂದ ರೋಗಿಗೆ ಬರುವ ಧೈರ್ಯವು ಸಾಮಾನ್ಯವಾದುದಲ್ಲ. ಎಂಟು ಗಂಟೆಗಳ ಪಾಳಿಯಾದರೆ ಅವನು ದಿನಕ್ಕೆ ಮೂರು ಬಾರಿ, ವಾರಕ್ಕೆ ಇಪ್ಪತ್ತೊಂದು ಬಾರಿ ಕೈಯಿಂದ ಕೈಗೆ ದಾಟುತ್ತಾನೆ. ಪ್ರತಿಯೊಂದು ದಾಟಿನಲ್ಲಿಯೂ ಏನಾದರೊಂದು ಮಾತು ನೆಲಕ್ಕೆ ಬೀಳುವ ಸಂಭವವುಂಟು.

ಇವೆಲ್ಲವೂ ಯೋಚಿಸತಕ್ಕ ಮಾತುಗಳೇ. ಆದರೆ ಇವುಗಳೆಲ್ಲಕ್ಕೂ ಹಿಂದೆ ಒಂದು ಊಹೆ ಅಡಗಿದೆ: ಇಪ್ಪತ್ತೆಂಟನೆಯ ಗಂಟೆಯಲ್ಲಿಯೂ ವೈದ್ಯನ ಕಣ್ಣು ನೋಡುತ್ತಿರುತ್ತದೆ, ಮನಸ್ಸು ಗ್ರಹಿಸುತ್ತಿರುತ್ತದೆ ಎಂಬ ಊಹೆ. ಅದು ನಿಜವಲ್ಲ. ಆಯುರ್ವೇದವು ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಶರೀರದ ಉಪಸ್ತಂಭಗಳೆಂದು ಎಣಿಸಿದೆ. ಪಾಶ್ಚಾತ್ಯ ವಿಜ್ಞಾನವು ಅದನ್ನೇ ಅಳತೆ ಹಾಕಿ ತೋರಿಸಿದೆ. ಆಸ್ಟ್ರೇಲಿಯದ ಸಂಶೋಧಕರು ೧೯೯೭ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಇಪ್ಪತ್ತನಾಲ್ಕು ಗಂಟೆ ಎಚ್ಚರವಾಗಿದ್ದವನ ಕೈ ಮತ್ತು ಬುದ್ಧಿಯ ಚುರುಕು, ರಕ್ತದಲ್ಲಿ ಶೇಕಡ ೦.೧೦ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಮೋಟಾರು ವಾಹನ ಕಾನೂನಿನಂತೆ ಶೇಕಡ ೦.೦೩ನ್ನು ಮೀರಿದವನು ಗಾಡಿಯನ್ನು ನಡಸಿದರೆ ಅಪರಾಧಿಯಾಗುತ್ತಾನೆ. ಗಾಡಿಯ ಚಕ್ರವನ್ನು ಹಿಡಿಯಲು ಅನರ್ಹನಾದವನ ಮೂರು ಪಟ್ಟು ಮಂಕು ಕವಿದವನ ಕೈಗೆ ಸೂಜಿಯನ್ನೂ ಚಾಕುವನ್ನೂ ಕೊಟ್ಟು, ನಮ್ಮ ಹೆಂಡಿರು ಮಕ್ಕಳನ್ನು ಅವನ ಮುಂದೆ ಮಲಗಿಸುತ್ತಿದ್ದೇವೆ. ಇದು ಆ ತರುಣನ ತಪ್ಪಲ್ಲ. ಅವನನ್ನು ಅಲ್ಲಿ ನಿಲ್ಲಿಸಿದವರದು.

ಬಾಸ್ಟನ್ ನಗರದ ಆಸ್ಪತ್ರೆಯೊಂದರ ತೀವ್ರನಿಗಾ ಘಟಕಗಳಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಳೆಯ ದೀರ್ಘಕಾಲದ ಕ್ರಮದಲ್ಲಿ ದುಡಿದ ಕಿರಿಯ ವೈದ್ಯರು, ಗಂಟೆಗಳನ್ನು ಕುಗ್ಗಿಸಿದ ಕ್ರಮದಲ್ಲಿದ್ದಾಗ ಮಾಡಿದುದಕ್ಕಿಂತ ಶೇಕಡ ೩೬ರಷ್ಟು ಹೆಚ್ಚು ಗಂಭೀರವಾದ ತಪ್ಪುಗಳನ್ನು ಮಾಡಿದುದು ಕಂಡುಬಂದಿತು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನವು, ದೀರ್ಘ ಪಾಳಿಯನ್ನು ಮುಗಿಸಿ ಮನೆಗೆ ಹೊರಟ ಕಿರಿಯ ವೈದ್ಯರು ದಾರಿಯಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕುವ ಸಂಭವವು ಎರಡು ಪಟ್ಟಿಗೂ ಹೆಚ್ಚೆಂದು ತೋರಿಸಿತು. ಆ ದೇಶದಲ್ಲಿ ಈ ವಿಚಾರಕ್ಕೆ ಕಣ್ಣು ತೆರೆಸಿದುದು ೧೯೮೪ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷದ ಲಿಬ್ಬಿ ಜಯಾನ್ ಎಂಬ ಹುಡುಗಿಯ ಸಾವು. ಅವಳನ್ನು ನೋಡಿಕೊಳ್ಳುತ್ತಿದ್ದ ಕಿರಿಯ ವೈದ್ಯರು ದೀರ್ಘಕಾಲದಿಂದ ಕೆಲಸದ ಮೇಲಿದ್ದರೆಂಬುದನ್ನು ಹಿಡಿದು ಪತ್ರಿಕೋದ್ಯೋಗಿಯಾದ ತಂದೆಯು ಹೋರಾಡಿದ ಫಲವಾಗಿ, ೧೯೮೯ರಲ್ಲಿ ಆ ಸಂಸ್ಥಾನದಲ್ಲಿ ವಾರಕ್ಕೆ ೮೦ ಗಂಟೆಗಳ ಮಿತಿ ಬಂದಿತು. ೨೦೦೩ರಲ್ಲಿ ಅದು ಅಮೆರಿಕಕ್ಕೆಲ್ಲ ವ್ಯಾಪಿಸಿತು. ಯುರೋಪಿನಲ್ಲಿ ಇನ್ನೂ ಮುಂದೆ ಹೋಗಿ, ೨೦೦೯ರ ವೇಳೆಗೆ ಕಿರಿಯ ವೈದ್ಯರಿಗೂ ವಾರಕ್ಕೆ ೪೮ ಗಂಟೆಗಳ ಮಿತಿಯನ್ನು ಜಾರಿಗೆ ತಂದರು.

ಹಾಗಾದರೆ ಪಾಳಿಯನ್ನು ಗೊತ್ತುಮಾಡಿಬಿಟ್ಟರೆ ಕಷ್ಟವೆಲ್ಲ ತೀರಿತೇ? ಇಲ್ಲಿಯೇ ನಾವು ಪಾಳಿಯ ಪಕ್ಷದವರಿಗೆ ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ಅಮೆರಿಕದಲ್ಲಿ ಮೊದಲನೆಯ ವರ್ಷದ ವೈದ್ಯರಿಗೆ ಒಂದೇ ಸಮನೆ ಹದಿನಾರು ಗಂಟೆ ಮೀರಬಾರದೆಂದು ೨೦೧೧ರಲ್ಲಿ ಮಾಡಿದ ನಿಯಮವನ್ನು ೨೦೧೭ರಲ್ಲಿ ಸಡಿಲಿಸಿ ಮತ್ತೆ ಇಪ್ಪತ್ತನಾಲ್ಕಕ್ಕೆ ಏರಿಸಿದರು. ಬಿಗಿಯಾದ ಮಿತಿಗೂ ಸಡಿಲವಾದ ಮಿತಿಗೂ ರೋಗಿಗಳ ಮರಣದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲವೆಂದು ಅಲ್ಲಿನ ಎರಡು ದೊಡ್ಡ ಪ್ರಯೋಗಗಳು ತೋರಿಸಿದುವು. ಅವೆರಡರಲ್ಲಿಯೂ ವಾರಕ್ಕೆ ೮೦ ಗಂಟೆಗಳ ಮಿತಿಯನ್ನು ಉಳಿಸಿಕೊಂಡೇ ಹೋಲಿಕೆ ನಡೆಯಿತು. ಆದುದರಿಂದ ನಮ್ಮ ಆಸ್ಪತ್ರೆಗಳ ಮಿತಿಯಿಲ್ಲದ ದುಡಿಮೆಗೆ ಅವು ಸಾಕ್ಷಿಯಾಗಲಾರವು. ಆದರೂ ಗಡಿಯಾರವೊಂದೇ ರೋಗಿಯನ್ನು ಕಾಪಾಡುವುದಿಲ್ಲವೆಂಬ ಪಾಠವು ಅವುಗಳಲ್ಲಿದೆ.

ಇನ್ನೂ ಸ್ಪಷ್ಟವಾದ ಪಾಠವು ೨೦೨೦ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಿಂದ ದೊರೆತಿದೆ. ಆರು ಆಸ್ಪತ್ರೆಗಳ ಮಕ್ಕಳ ತೀವ್ರನಿಗಾ ಘಟಕಗಳಲ್ಲಿ ದೀರ್ಘ ಪಾಳಿಯನ್ನು ತೆಗೆದು ಹದಿನಾರು ಗಂಟೆಗಳನ್ನು ಮೀರದ ಪಾಳಿಯನ್ನು ಇಟ್ಟು ನೋಡಿದರು. ತಪ್ಪುಗಳು ಕಡಮೆಯಾಗಬೇಕಾಗಿದ್ದಲ್ಲಿ ಹೆಚ್ಚಾದುವು! ಕಾರಣವನ್ನು ಹುಡುಕಿದಾಗ ತಿಳಿದುದಿಷ್ಟು: ಒಬ್ಬೊಬ್ಬ ವೈದ್ಯನು ನೋಡಿಕೊಳ್ಳಬೇಕಾದ ಮಕ್ಕಳ ಸರಾಸರಿ ಸಂಖ್ಯೆಯು ೬.೭ರಿಂದ ೮.೮ಕ್ಕೆ ಏರಿತ್ತು. ಆ ಹೊರೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಪಾಳಿಯ ಮೇಲಿನ ದೋಷಾರೋಪಣೆಯು ನಿಲ್ಲಲಿಲ್ಲ. ಗಂಟೆಗಳನ್ನು ಇಳಿಸಿ ಕೈಗಳನ್ನು ಹೆಚ್ಚಿಸದಿದ್ದರೆ, ದಣಿದವನು ಮಾಡುತ್ತಿದ್ದ ತಪ್ಪನ್ನು ಅವಸರದಲ್ಲಿರುವವನು ಮಾಡುತ್ತಾನೆಂಬುದೇ ಇದರ ತಾತ್ಪರ್ಯ. ಇಂಗ್ಲೆಂಡಿನಲ್ಲಿ ಸರ್ ಜಾನ್ ಟೆಂಪಲ್ಲರು ೨೦೧೦ರಲ್ಲಿ ಸಲ್ಲಿಸಿದ ವರದಿಯೂ ಇದೇ ದಿಕ್ಕಿನದು. ವಾರಕ್ಕೆ ೪೮ ಗಂಟೆಗಳಲ್ಲಿಯೂ ಉತ್ತಮವಾದ ಶಿಕ್ಷಣ ಸಾಧ್ಯವೆಂದೂ, ಆದರೆ ಹಿರಿಯರ ಮೇಲ್ವಿಚಾರಣೆ ಸಾಲದೆ ರಾತ್ರಿಯ ಸೇವೆಯ ಭಾರವೆಲ್ಲ ಕಲಿಯುವವರ ತಲೆಯ ಮೇಲೆ ಬಿದ್ದಲ್ಲಿ ಅದು ಅಸಾಧ್ಯವೆಂದೂ ಅವರು ತೀರ್ಮಾನಿಸಿದರು.

ಪಾಳಿಗೆ ತನ್ನವೇ ಆದ ದೋಷಗಳೂ ಉಂಟು. ಈ ವಾರ ಹಗಲು, ಮುಂದಿನ ವಾರ ಇರುಳು ಎಂದು ಸರದಿ ತಿರುಗಿದಾಗ ಶರೀರವು ಯಾವುದಕ್ಕೂ ಹೊಂದಿಕೊಳ್ಳದೆ ಹೋಗುತ್ತದೆ. ರಾತ್ರಿಪಾಳಿಯು ಪ್ರಾಯಶಃ ಕ್ಯಾನ್ಸರಿಗೆ ಎಡೆಗೊಡಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಸಂಶೋಧನ ಮಂಡಲಿಯು ೨೦೦೭ರಲ್ಲಿ ಹೇಳಿ, ೨೦೧೯ರಲ್ಲಿ ಅದನ್ನೇ ದೃಢಪಡಿಸಿದೆ. ಪಾಳಿಯಲ್ಲಿ ಹಂಚಿಹೋದ ಶಿಷ್ಯನಿಗೆ ಒಬ್ಬ ಗುರುವಿನ ಕೆಳಗೆ ನಿರಂತರವಾಗಿ ನಿಲ್ಲುವ ಅವಕಾಶವೂ ತಪ್ಪುತ್ತದೆ. ಆದುದರಿಂದ ಪಾಳಿಯು ಸರ್ವರೋಗಹರವಾದ ಔಷಧವಲ್ಲ. ಅನುಪಾನವಿಲ್ಲದೆ ಕೊಟ್ಟರೆ ಕೆಡುಕನ್ನೂ ಮಾಡೀತು.

ಈಗ ನಮ್ಮ ದೇಶದ ನಿಯಮಗಳ ಕಡೆಗೆ ತಿರುಗೋಣ. ೧೯೯೨ನೆಯ ಜೂನ್ ೫ರಂದು ಕೇಂದ್ರ ಆರೋಗ್ಯ ಮಂತ್ರಾಲಯವು ಹೊರಡಿಸಿದ ರೆಸಿಡೆನ್ಸಿ ಯೋಜನೆಯಲ್ಲಿ, ಕಿರಿಯ ರೆಸಿಡೆಂಟರು ಸಾಮಾನ್ಯವಾಗಿ ವಾರಕ್ಕೆ ೪೮ ಗಂಟೆ, ಒಂದೇ ಸಮನೆ ೧೨ ಗಂಟೆಗೆ ಮೀರದಂತೆ ಕೆಲಸ ಮಾಡತಕ್ಕದ್ದೆಂದೂ, ಸರದಿಯ ಮೇಲೆ ವಾರಕ್ಕೊಂದು ರಜೆ ಇರತಕ್ಕದ್ದೆಂದೂ ಬರೆದಿದೆ. ಜೊತೆಗೆ ಕೆಲಸದ ಅಗತ್ಯಕ್ಕೆ ಒಳಪಟ್ಟು ಎಂಬ ಮಾತನ್ನೂ ಸೇರಿಸಿದೆ. ಆ ಒಂದು ಕಿಂಡಿಯಲ್ಲಿ ಇಡೀ ನಿಯಮವೇ ಸೋರಿಹೋಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗವು ರಚಿಸಿದ ೨೦೨೩ರ ಸ್ನಾತಕೋತ್ತರ ಶಿಕ್ಷಣದ ನಿಯಮಾವಳಿಯಲ್ಲಿ ವಿದ್ಯಾರ್ಥಿಗಳು ಯುಕ್ತವಾದಷ್ಟು ಗಂಟೆ ದುಡಿಯಬೇಕು, ಅವರಿಗೆ ಯುಕ್ತವಾದ ವಿಶ್ರಾಂತಿ ಕೊಡಬೇಕು ಎಂದಿದೆ. ಯುಕ್ತವಾದುದು ಎಷ್ಟೆಂಬುದನ್ನು ಯಾರು ಹೇಳಬೇಕು? ದುಡಿಸಿಕೊಳ್ಳುವವರೇ! ಅದೇ ಆಯೋಗವು ನೇಮಿಸಿದ ಕಾರ್ಯಪಡೆಯೊಂದು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಕುರಿತು ೨೦೨೪ರಲ್ಲಿ ವರದಿಯನ್ನು ಕೊಟ್ಟು, ವಾರಕ್ಕೆ ೭೪ ಗಂಟೆಗಳಿಗೆ ಮೀರದಂತೆ, ಒಂದೇ ಸಮನೆ ೨೪ ಗಂಟೆಗಳಿಗೆ ಮೀರದಂತೆ ಕೆಲಸವಿರಲಿ ಎಂದು ಶಿಫಾರಸು ಮಾಡಿತು. ವಾರಕ್ಕೊಂದು ೨೪ ಗಂಟೆಗಳ ಕೆಲಸ, ಐದು ದಿನ ಹತ್ತು ಹತ್ತು ಗಂಟೆ, ಒಂದು ದಿನ ರಜೆ, ಇದು ಅವರ ಲೆಕ್ಕ. ಮೂವತ್ತೆರಡು ವರ್ಷಗಳ ಬಳಿಕ ನಾವು ೪೮ರಿಂದ ೭೪ಕ್ಕೆ ಬಂದೆವು; ಮತ್ತು ಅದನ್ನೂ ದೊಡ್ಡ ಸುಧಾರಣೆಯೆಂದು ಎಣಿಸಬೇಕಾದ ಸ್ಥಿತಿಯಲ್ಲಿದ್ದೇವೆ!

ನಿಯಮವು ಏಕೆ ಜಾರಿಗೆ ಬರಲಿಲ್ಲ? ಅಧಿಕಾರಿಗಳ ದುರುದ್ದೇಶವೇ ಕಾರಣವೆಂದು ನಾವು ಹೇಳುವುದಿಲ್ಲ. ಕಾರಣವು ಒಂದು ಸುಲಭವಾದ ಲೆಕ್ಕದಲ್ಲಿದೆ. ಒಂದು ವಾರದಲ್ಲಿ ೧೬೮ ಗಂಟೆಗಳುಂಟು. ವಾರ್ಡಿನಲ್ಲಿ ಒಂದು ಸ್ಥಾನದಲ್ಲಿ ಹಗಲಿರುಳೂ ಒಬ್ಬ ವೈದ್ಯನಿರಬೇಕಾದರೆ, ತಲೆಗೆ ೪೮ ಗಂಟೆಗಳಂತೆ ಮೂರೂವರೆ ಜನರು ಬೇಕು. ರಜೆ, ಕಾಯಿಲೆ, ಪರೀಕ್ಷೆ, ಕೆಲಸವನ್ನು ಒಪ್ಪಿಸುವ ವೇಳೆ, ಇವುಗಳನ್ನು ಸೇರಿಸಿದರೆ ನಾಲ್ವರಿಗೆ ಕಡಮೆಯಾಗದು. ತಲೆಗೆ ೭೪ ಗಂಟೆಗಳಾದರೆ ಎರಡೂಕಾಲು ಜನರಲ್ಲಿ ಮುಗಿಯುತ್ತದೆ. ನೂರು ಗಂಟೆ ದುಡಿಸಿದರೆ ಇಬ್ಬರೂ ಬೇಡ. ಸ್ನಾತಕೋತ್ತರ ವಿದ್ಯಾರ್ಥಿಯು ವರ್ಷವರ್ಷವೂ ತಾನಾಗಿಯೇ ಬರುತ್ತಾನೆ, ಶಿಷ್ಯವೇತನಕ್ಕೆ ದುಡಿಯುತ್ತಾನೆ, ಪದವಿಯು ಗುರುಗಳ ಕೈಯಲ್ಲಿರುವುದರಿಂದ ಬಾಯಿಬಿಡುವುದಿಲ್ಲ. ಹೀಗಿರುವಾಗ ಸಂಬಳ ಕೊಟ್ಟು ಹೊಸ ವೈದ್ಯರನ್ನು ನೇಮಿಸುವ ಗೊಡವೆಗೆ ಬೊಕ್ಕಸದವರು ಏಕೆ ಹೋದಾರು? ೨೦೨೧ರಲ್ಲಿ ಪ್ರವೇಶದ ಕೌನ್ಸೆಲಿಂಗ್ ತಡವಾಗಿ ಒಂದು ವರ್ಷದ ತಂಡವೇ ಬಾರದೆ ಹೋದಾಗ ಉಳಿದವರ ಮೇಲಿನ ಹೊರೆ ಎಷ್ಟಾಯಿತೆಂದರೆ, ಡಿಸೆಂಬರಿನಲ್ಲಿ ದೆಹಲಿಯ ರೆಸಿಡೆಂಟ್ ವೈದ್ಯರು ಬೀದಿಗಿಳಿಯಬೇಕಾಯಿತು. ಕಲಿಯಲು ಬಂದವರು ಒಂದು ವರ್ಷ ಬಾರದಿದ್ದರೆ ಆಸ್ಪತ್ರೆ ತತ್ತರಿಸುವುದಾದರೆ, ಅದು ವಿದ್ಯಾರ್ಥಿಗಳ ಬೆನ್ನಿನ ಮೇಲೆ ನಿಂತ ಆಸ್ಪತ್ರೆಯೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ನಿಯಮವನ್ನು ಮಾಡಿ ಜನರನ್ನು ಒದಗಿಸದಿದ್ದರೆ ಏನಾಗುವುದೆಂಬುದನ್ನು ಬೇರೊಂದು ಕ್ಷೇತ್ರದಲ್ಲಿ ದೇಶವು ಕಂಡಿದೆ. ವಿಮಾನ ಚಾಲಕರ ವಾರದ ವಿಶ್ರಾಂತಿಯನ್ನು ೩೬ ಗಂಟೆಗಳಿಂದ ೪೮ ಗಂಟೆಗಳಿಗೆ ಏರಿಸಿ, ರಾತ್ರಿಯ ಹಾರಾಟವನ್ನು ಬಿಗಿಗೊಳಿಸುವ ನಿಯಮಗಳು ೨೦೨೫ರಲ್ಲಿ ಜಾರಿಗೆ ಬಂದುವು. ಆ ವರ್ಷದ ಡಿಸೆಂಬರಿನಲ್ಲಿ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯು, ಹೊಸ ನಿಯಮಗಳಿಗೆ ಬೇಕಾದಷ್ಟು ಚಾಲಕರನ್ನು ಹೊಂದಿಸಿಕೊಳ್ಳದೆ ಸಾವಿರಾರು ಹಾರಾಟಗಳನ್ನು ನಿಲ್ಲಿಸಿತು. ಪ್ರಯಾಣಿಕರ ಪಾಡನ್ನು ನೋಡಲಾರದೆ ಸರಕಾರವು ಕೆಲವು ನಿಯಮಗಳನ್ನೇ ತಾತ್ಕಾಲಿಕವಾಗಿ ಸಡಿಲಿಸಿತು. ವಿಮಾನವಾದರೆ ನಿಂತೀತು, ಪ್ರಯಾಣಿಕನು ಮರುದಿನ ಹೋದಾನು. ಕ್ಯಾಷುಯಾಲಿಟಿಯ ಬಾಗಿಲನ್ನು ಮುಚ್ಚುವಂತಿಲ್ಲ. ನಾಳೆ ಬೆಳಗಾಗುವುದರೊಳಗೆ ಎಲ್ಲ ಆಸ್ಪತ್ರೆಗಳಲ್ಲಿಯೂ ಎಂಟು ಗಂಟೆಯ ಪಾಳಿ ನಡೆಯಲಿ ಎಂದು ಆಜ್ಞೆ ಹೊರಡಿಸುವುದು ಇದೇ ಕಾರಣದಿಂದ ವಿವೇಕವೆನಿಸದು.

ಹಾಗಾದರೆ ಮಾ‍ಡತಕ್ಕದ್ದೇನು? ನಮ್ಮ ಅಭಿಪ್ರಾಯದಲ್ಲಿ ಕೆಲಸವು ಈ ಅನುಕ್ರಮದಲ್ಲಿ ನಡೆಯಬೇಕು.

ಮೊದಲನೆಯದಾಗಿ, ಮೂವತ್ತಾರು ಗಂಟೆಗಳ ಕೆಲಸವನ್ನು ತತ್‌ಕ್ಷಣವೇ ನಿಲ್ಲಿಸಬೇಕು. ಒಪ್ಪಿಸುವ ವೇಳೆಯೂ ಸೇರಿ ೨೪ ಗಂಟೆಗಳಾದ ಮೇಲೆ ಯಾವ ಕಿರಿಯ ವೈದ್ಯನೂ ವಾರ್ಡಿನಲ್ಲಿರಕೂಡದು. ಅಡ್ಮಿಷನ್ ದಿನದ ಮರುದಿನ ರೌಂಡ್ಸಿನ ನಂತರ ಅವನನ್ನು ಮನೆಗೆ ಕಳುಹಿಸಲು ಬೇಕಾದುದು ಯೂನಿಟ್ಟುಗಳ ನಡುವೆ ಹೊಂದಾಣಿಕೆ ಮತ್ತು ಮುಖ್ಯಸ್ಥರ ಮನಸ್ಸು. ಇದಕ್ಕೆ ಹೊಸ ಆಯವ್ಯಯದ ದಾರಿಯನ್ನು ಕಾಯಬೇಕಾಗಿಲ್ಲ.

ಎರಡನೆಯದಾಗಿ, ವೈದ್ಯನಲ್ಲದವನು ಮಾಡಬಹುದಾದ ಕೆಲಸವನ್ನು ವೈದ್ಯನಿಂದ ತೆಗೆಯಬೇಕು. ರಕ್ತದ ಸೀಸೆಯನ್ನು ಪ್ರಯೋಗಾಲಯಕ್ಕೆ ಒಯ್ಯುವುದು, ವರದಿಗಾಗಿ ಮಹಡಿಯಿಂದ ಮಹಡಿಗೆ ಅಲೆಯುವುದು, ಟ್ರಾಲಿಯನ್ನು ತಳ್ಳುವುದು, ಒಂದೇ ವಿವರವನ್ನು ಮೂರು ರಿಜಿಸ್ಟರುಗಳಲ್ಲಿಯೂ ಒಂದು ಕಂಪ್ಯೂಟರಿನಲ್ಲಿಯೂ ತುಂಬುವುದು, ವಿಮೆಯ ಕಾಗದಗಳನ್ನು ಸರಿಪಡಿಸುವುದು, ಇವೆಲ್ಲ ಇಂದು ಹೌಸ್ ಸರ್ಜನ್ನನ ತಲೆಗೆ ಕಟ್ಟಿದ ಕೆಲಸಗಳು. ಇವುಗಳಿಂದ ಅವನು ಯಾವ ವೈದ್ಯವನ್ನು ಕಲಿತಾನು? ಒಬ್ಬ ಗುಮಾಸ್ತ, ಇಬ್ಬರು ವಾರ್ಡ್ ಸಹಾಯಕರು ಇದ್ದಲ್ಲಿ ಒಂದೊಂದು ವಾರ್ಡಿನಲ್ಲಿಯೂ ವೈದ್ಯನ ಹಲವು ಗಂಟೆಗಳು ಉಳಿಯುತ್ತವೆ. ಗಂಟೆಗಳನ್ನು ಕುಗ್ಗಿಸಿದರೆ ಕಲಿಕೆ ಕುಗ್ಗುವುದೆಂಬ ಹಿರಿಯರ ಭಯಕ್ಕೂ ಇದೇ ಸರಿಯಾದ ಸಮಾಧಾನ.

ಮೂರನೆಯದಾಗಿ, ರೋಗಿಯನ್ನು ಒಬ್ಬ ವೈದ್ಯನು ಇನ್ನೊಬ್ಬನಿಗೆ ಒಪ್ಪಿಸುವ ಕಾರ್ಯವನ್ನು ಒಂದು ವಿದ್ಯೆಯೆಂದೇ ತಿಳಿದು ಕಲಿಸಬೇಕು. ಹೊರಡುವ ಅವಸರದಲ್ಲಿ ಬಾಗಿಲ ಬಳಿ ನಿಂತು ಆಡುವ ನಾಲ್ಕು ಮಾತು ಒಪ್ಪಿಸುವುದಲ್ಲ. ರೋಗಿಯ ಸ್ಥಿತಿ ಎಷ್ಟು ತೀವ್ರ, ಈವರೆಗೆ ಏನಾಯಿತು, ಇನ್ನು ಮಾಡತಕ್ಕದ್ದೇನು, ರಾತ್ರಿ ಯಾವ ಅಪಾಯವನ್ನು ನಿರೀಕ್ಷಿಸಬೇಕು, ಆಗ ಏನು ಮಾಡಬೇಕು ಎಂಬಿಷ್ಟನ್ನು ಬರಹದಲ್ಲಿಟ್ಟು, ಕೇಳಿದವನ ಬಾಯಿಂದ ಮರಳಿ ಹೇಳಿಸಿ, ಹಿರಿಯರೊಬ್ಬರ ಎದುರಿಗೆ ಒಪ್ಪಿಸಬೇಕು. ಇಂಥ ಒಂದು ಕ್ರಮವನ್ನು ಒಂಬತ್ತು ಆಸ್ಪತ್ರೆಗಳಲ್ಲಿ ಆಚರಣೆಗೆ ತಂದು ನೋಡಿದ ಪ್ರಯೋಗದಲ್ಲಿ ತಪ್ಪುಗಳು ಶೇಕಡ ೨೩ರಷ್ಟೂ, ತಪ್ಪಿಸಬಹುದಾಗಿದ್ದ ಹಾನಿಗಳು ಶೇಕಡ ೩೦ರಷ್ಟೂ ಇಳಿದುವೆಂದು ೨೦೧೪ರಲ್ಲಿ ಪ್ರಕಟವಾಗಿದೆ. ಇದಕ್ಕೆ ಯಂತ್ರ ಬೇಡ, ಕಟ್ಟಡ ಬೇಡ. ಪಾಳಿಯ ಲೆಕ್ಕದಲ್ಲಿ ಅರ್ಧ ಗಂಟೆ ಬೇಕು. ಕೈಬದಲಾವಣೆಯ ಭಯವನ್ನು ಹೇಳುವ ಹಿರಿಯರು ಇದನ್ನು ತಾವೇ ಮುಂದೆ ನಿಂತು ನಡಸಿಕೊಡಲಿ.

ನಾಲ್ಕನೆಯದಾಗಿ, ತುರ್ತು ಚಿಕಿತ್ಸೆ, ತೀವ್ರನಿಗಾ ಘಟಕ, ಹೆರಿಗೆಯ ವಾರ್ಡು, ಈ ಮೂರು ಕಡೆಗಳಲ್ಲಿ ಹನ್ನೆರಡು ಗಂಟೆಗಳ ಪಾಳಿಯನ್ನು ಮೊದಲು ತರಬೇಕು. ಅಲ್ಲಿ ಇರುಳೂ ಹಗಲಿನಷ್ಟೇ ಕೆಲಸವಿರುವುದರಿಂದ ನಿದ್ರೆಗೆಟ್ಟವನ ತಪ್ಪಿಗೆ ತೆರುವ ಬೆಲೆ ಅತ್ಯಂತ ಹೆಚ್ಚು. ಉಳಿದ ವಿಭಾಗಗಳಲ್ಲಿ ಜನರು ಒದಗಿದಂತೆ ವಿಸ್ತರಿಸಬಹುದು. ಶಸ್ತ್ರವೈದ್ಯದ ವಿದ್ಯಾರ್ಥಿಗಳಿಗೆ ಆಪರೇಷನ್ ಥಿಯೇಟರಿನಲ್ಲಿ ಕಳೆಯುವ ವೇಳೆಯನ್ನು ಪ್ರತ್ಯೇಕವಾಗಿ ಕಾದಿರಿಸಿ, ವಾರ್ಡಿನ ಪಾಳಿಯು ಅದನ್ನು ನುಂಗದಂತೆ ನೋಡಿಕೊಳ್ಳಬೇಕು.

ಐದನೆಯದಾಗಿ, ಮೇಲಿನ ೧೬೮ ಗಂಟೆಗಳ ಲೆಕ್ಕವನ್ನು ಪ್ರತಿಯೊಂದು ಸರಕಾರಿ ಆಸ್ಪತ್ರೆಯಲ್ಲಿಯೂ ಮಂಚಗಳ ಸಂಖ್ಯೆಗೆ ಹೊಂದಿಸಿ ಹಾಕಿ, ಎಷ್ಟು ವೈದ್ಯರು ಕಡಮೆ ಬೀಳುತ್ತಾರೆಂಬುದನ್ನು ಶಾಸನಸಭೆಯ ಮುಂದೆ ಇಡಬೇಕು. ಕಡಮೆ ಬಿದ್ದಷ್ಟು ಹುದ್ದೆಗಳನ್ನು ಸಂಬಳದ ಹುದ್ದೆಗಳಾಗಿ ಸೃಷ್ಟಿಸಬೇಕು. ಜೊತೆಗೆ ಕೆಲಸದ ಗಂಟೆಗಳ ರಿಜಿಸ್ಟರನ್ನು ವಿಭಾಗದ ಮುಖ್ಯಸ್ಥರ ರುಜುವಿನೊಡನೆ ಇಟ್ಟು, ತಿಂಗಳು ತಿಂಗಳೂ ಪ್ರಕಟಪಡಿಸಬೇಕು. ಬರೆದಿಡದ ಗಂಟೆಗಳಿಗೆ ಮಿತಿಯೂ ಇಲ್ಲ, ಹೊಣೆಯೂ ಇಲ್ಲ. ವಿಶ್ರಾಂತಿಗೆ ಒಳಚಿಲಕವಿರುವ, ಮಂಚವಿರುವ, ಬೆಳಕಿರುವ ಕೊಠಡಿಯನ್ನು ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆಯಾಗಿ ಒದಗಿಸಬೇಕೆಂಬುದನ್ನು ಕಲ್ಕತ್ತೆಯ ದುರಂತವಾದ ಮೇಲೆಯೂ ಕೇಳಬೇಕಾಗಿರುವುದು ನಾಚಿಕೆಗೇಡು.

ಇದಕ್ಕೆಲ್ಲ ಹಣವೆಲ್ಲಿಂದ ಬರಬೇಕೆಂದು ಆರ್ಥಿಕ ಇಲಾಖೆಯವರು ಕೇಳುವರು. ನ್ಯಾಯವಾದ ಪ್ರಶ್ನೆ. ಆದರೆ ಹೊಸ ವೈದ್ಯಕೀಯ ಕಾಲೇಜುಗಳಿಗೆ ಶಿಲಾನ್ಯಾಸವಾಗುವಾಗ ಈ ಪ್ರಶ್ನೆ ಏಳುವುದಿಲ್ಲ. ಕಟ್ಟಿದ ಆಸ್ಪತ್ರೆಯಲ್ಲಿ ರಾತ್ರಿ ಎಚ್ಚರವಾಗಿರುವ ವೈದ್ಯನೊಬ್ಬನನ್ನು ಇಡುವ ಮಾತು ಬಂದಾಗ ಮಾತ್ರ ಏಳುತ್ತದೆ. ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ ಎಂಬ ಗಾದೆಯು ಇಂಥ ಸಂದರ್ಭಕ್ಕೇ ಹುಟ್ಟಿದುದು. ಆಸ್ಪತ್ರೆಗಳು ಪ್ರಾಂತ ಸರಕಾರಕ್ಕೆ ಸೇರಿದ ವಿಷಯ, ವೈದ್ಯಶಿಕ್ಷಣವು ಇಬ್ಬರಿಗೂ ಸೇರಿದ ವಿಷಯ ಎಂದು ಸಂವಿಧಾನದಲ್ಲಿ ಹಂಚಿಕೆಯಾಗಿರುವುದರಿಂದ, ಬೆಂಗಳೂರು ದೆಹಲಿಯ ಕಡೆಗೂ ದೆಹಲಿ ಬೆಂಗಳೂರಿನ ಕಡೆಗೂ ಬೆರಳು ತೋರಿಸುವುದು ಸುಲಭ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ ಮೊದಲಾದ ದೊಡ್ಡ ಆಸ್ಪತ್ರೆಗಳ ಬಾಗಿಲಿಗೆ ಸುತ್ತಲ ಜಿಲ್ಲೆಗಳ ಬಡವರೆಲ್ಲ ಬರುತ್ತಾರೆ. ತನಗೆ ಚುಚ್ಚುಮದ್ದನ್ನು ಕೊಡುವವರು ಯಾವ ಪಟ್ಟಿಯ ವಿಷಯವೆಂದು ಅವರು ಕೇಳುವುದಿಲ್ಲ. ಕರ್ನಾಟಕ ಸರಕಾರವು ದೆಹಲಿಯ ದಾರಿಯನ್ನು ನೋಡದೆ ತನ್ನ ಆಸ್ಪತ್ರೆಗಳಲ್ಲಿ ಇದನ್ನು ಪ್ರಾರಂಭಿಸಬಹುದು.

ಕೊನೆಯಲ್ಲಿ ಇಬ್ಬರಿಗೆ ಎರಡು ಮಾತು. ಹಿರಿಯ ವೈದ್ಯರಲ್ಲಿ ನಮ್ಮ ವಿಜ್ಞಾಪನೆ ಏನೆಂದರೆ, ನಾವೂ ಹೀಗೆಯೇ ಪಡಿಪಾಟಲು ಪಟ್ಟು ಕಲಿತೆವು ಎಂಬ ಮಾತನ್ನು ವಾದವಾಗಿ ಬಳಸದಿರಿ. ತಾವು ಕಷ್ಟಪಟ್ಟು ಮೇಲೆ ಬಂದುದು ತಮ್ಮ ಹಿರಿಮೆ. ಆ ಕಷ್ಟದ ರಾತ್ರಿಗಳಲ್ಲಿ ಯಾರ ಮೇಲೆ ತಾವು ಕೈ ಪಳಗಿಸಿದಿರೋ ಆ ರೋಗಿಗಳ ಸಾಕ್ಷ್ಯವನ್ನು ಯಾರೂ ಬರೆದಿಟ್ಟಿಲ್ಲ. ಕಿರಿಯ ವೈದ್ಯರಿಗೆ ಹೇಳುವುದೇನೆಂದರೆ, ಪಾಳಿ ಬಂದ ದಿನ ರೋಗಿಯು ನನ್ನವನಲ್ಲ, ಮುಂದಿನ ಪಾಳಿಯವನು ಎಂಬ ಭಾವನೆಯೂ ಅದರ ಹಿಂದೆಯೇ ಬರುವುದುಂಟು. ಅದಕ್ಕೆ ಎಡೆಗೊಟ್ಟರೆ ತಮ್ಮ ನ್ಯಾಯವಾದ ಬೇಡಿಕೆಯನ್ನು ತಾವೇ ಕೆಡಿಸಿಕೊಂಡಂತಾಗುತ್ತದೆ. ರಕ್ತ ಹರಿಯುತ್ತಿರುವವನನ್ನು ಬಿಟ್ಟು ಗಡಿಯಾರ ನೋಡುವುದು ಯಾವ ನಿಯಮದಿಂದಲೂ ಸಮರ್ಥನೀಯವಾಗದು. ಒಪ್ಪಿಸಿದ ಮೇಲೆಯೇ ಬಿಡುಗಡೆ.

೧೯೯೨ರ ಆಜ್ಞೆಯನ್ನು ಈಗಿರುವ ಸ್ಥಿತಿಯಲ್ಲಿ ಇನ್ನೊಂದು ತಲೆಮಾರಿಗೆ ದಾಟಿಸುವುದು ತರವಲ್ಲ. ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣದ ಮಂತ್ರಿಗಳು ತಮ್ಮ ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರು ವಾರಕ್ಕೆ ನಿಜವಾಗಿ ಎಷ್ಟು ಗಂಟೆ ದುಡಿಯುತ್ತಿದ್ದಾರೆಂಬ ಪಟ್ಟಿಯನ್ನೂ, ಆ ಗಂಟೆಗಳನ್ನು ಇಳಿಸಲು ಎಷ್ಟು ಹುದ್ದೆಗಳು ಬೇಕೆಂಬ ಲೆಕ್ಕವನ್ನೂ ಬರುವ ಅಧಿವೇಶನದಲ್ಲಿ ಸಭೆಯ ಮುಂದಿಡಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಶಾಸಕರು ಆ ಲೆಕ್ಕವನ್ನು ಕೇಳಿ ಪಡೆಯಲಿ. ಮತದಾರರು ತಮ್ಮ ಶಾಸಕರನ್ನು ಕೇಳಲಿ.